ಬೆಟ್ಟದ ದಾರಿಯಲ್ಲಿ ಸಿಕ್ಕ ಅರಸ

ಬೆಟ್ಟದ ದಾರಿಯ ಪ್ರಯಾಣವೆಂದೊಡನೆ ಕನ್ನಡಿಗರ ಮನಸ್ಸು ಪಶ್ಚಿಮದ ಕಡೆಗೆ ಹೊರಳುತ್ತದೆ. ಆಗುಂಬೆಯ ತಿರುವುಗಳು, ಚಾರ್ಮಾಡಿಯ ಮಂಜು, ಬಾಬಾಬುಡನ್‌ಗಿರಿಯ ಕಾಫಿ ತೋಟಗಳು ಕಣ್ಣ ಮುಂದೆ ನಿಲ್ಲುತ್ತವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೊರಡೋಣವೆಂದು ಮನೆಮಂದಿಯೆಲ್ಲ ಕುಳಿತು ಆಲೋಚಿಸುವಾಗ ಕಲಬುರಗಿ ಸೀಮೆಯ ಹೆಸರೆತ್ತುವವರು ವಿರಳ. “ಅಲ್ಲಿ ಬೆಟ್ಟವೆಲ್ಲಿದೆ? ಇರುವುದೆಲ್ಲ ಬಿಸಿಲು, ಕರಿಮಣ್ಣು, ತೊಗರಿಯ ಹೊಲ” ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ.

ಆದರೆ ಆಳಂದ ತಾಲ್ಲೂಕಿನ ಮಟಕಿಯಿಂದ ಬೆಳಗಿನ ಜಾವದಲ್ಲಿ ಹೊರಟು ದಕ್ಷಿಣಾಭಿಮುಖವಾಗಿ ಸಾಗುವ ಪ್ರಯಾಣಿಕನಿಗೆ ಸಂಜೆಯೊಳಗೆ ಮೂರು ಬಗೆಯ ನೆಲ, ಎರಡು ಮಹಾನದಿಗಳು ಮತ್ತು ಬಂಡೆಗಳನ್ನು ಯಾರೋ ಎತ್ತಿ ಪೇರಿಸಿಟ್ಟಂತಿರುವ ಬೆಟ್ಟಗಳ ಸಾಲು ಕಾಣಸಿಗುತ್ತವೆ. ಇಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ವಿಹಾರವೆಂದು ಹೇಳಿ ಸುಮ್ಮನಿರಬಹುದಾಗಿತ್ತು. ಈ ದಾರಿಯ ವಿಶೇಷ ಬೇರೆಯೇ ಇದೆ. ಶತಮಾನಗಳ ಕಾಲ ಹೆಸರು ಮರೆತು, ಮುಖ ಮರೆಯಾಗಿ ಹೋಗಿದ್ದ ಒಬ್ಬ ಅರಸನ ಹೆಸರೂ ಮುಖವೂ ಲೋಕಕ್ಕೆ ಮರಳಿ ದೊರೆತುದು ಈ ದಾರಿಯ ಆಸುಪಾಸಿನಲ್ಲಿಯೇ. ಎರಡೂ ದೊರೆತುದು ಈ ಸೀಮೆಯ ಕಲ್ಲಿನಲ್ಲಿ.

ಮೂರು ಬಗೆಯ ನೆಲ

ಮಟಕಿಯ ಸುತ್ತಲಿನದು ಎರೆಮಣ್ಣಿನ ಏರಿಳಿತದ ಭೂಮಿ. ದೀಪಾವಳಿ ಕಳೆದು ಚಳಿ ಬೀಳುವ ದಿನಗಳಲ್ಲಿ ಹೊರಟರೆ ತೊಗರಿಯ ಹೊಲಗಳು ಹಳದಿ ಹೂವಿನಿಂದ ತುಂಬಿರುತ್ತವೆ. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದಿರುತ್ತದೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬೆಂಗಳೂರಿನ ಅಡುಗೆಮನೆಯಲ್ಲಿ ಕುದಿಯುವ ಸಾರಿಗೂ ಈ ಕಪ್ಪು ನೆಲಕ್ಕೂ ನಂಟಿದೆಯೆಂಬುದನ್ನು ದಾರಿಯಲ್ಲಿ ಮಕ್ಕಳಿಗೆ ತೋರಿಸಿಕೊಡಬಹುದು.

ಈ ಎರೆಮಣ್ಣಿನ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಪ್ಪುಶಿಲೆ. ಮಹಾರಾಷ್ಟ್ರದ ಬಹುಭಾಗವನ್ನು ಹೊದ್ದಿಸಿರುವ ಆ ಶಿಲೆಯ ತೆಂಕಣ ಅಂಚು ಕಲಬುರಗಿಯ ಸುತ್ತಮುತ್ತ ಮುಗಿಯುತ್ತ ಬರುತ್ತದೆ. ಆಳಂದವನ್ನು ದಾಟಿ, ಕಲಬುರಗಿಯ ಕೋಟೆಯನ್ನೂ ಖ್ವಾಜಾ ಬಂದೇನವಾಜರ ದರ್ಗಾದ ಗುಮ್ಮಟವನ್ನೂ ಹಿಂದಿಕ್ಕಿ, ಕಟ್ಟಿಸಂಗಾವಿಯ ಬಳಿ ಭೀಮಾನದಿಯನ್ನು ದಾಟಿದರೆ ಜೇವರ್ಗಿ. ಆಳಂದದ ನೆಲದಲ್ಲಿ ಬಿದ್ದ ಮಳೆ ಅಮರ್ಜಾ ನದಿಯಾಗಿ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಆದುದರಿಂದ ಸೇತುವೆಯ ಮೇಲೆ ನಿಂತು ನೋಡುವ ನೀರಿನಲ್ಲಿ ಆಳಂದದ ಪಾಲೂ ಒಂದಿಷ್ಟು ಇದ್ದೇ ಇದೆ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂಬುದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು; ಅದರ ಮಾತು ಮತ್ತೆ ಬರಲಿದೆ.

ಭೀಮೆಯ ಆಸುಪಾಸಿನಲ್ಲಿ ಹರಡಿರುವುದು ಎರಡನೆಯ ಬಗೆಯ ಶಿಲೆ, ಸುಣ್ಣದ ಕಲ್ಲು. ಪದರ ಪದರವಾಗಿ ಎದ್ದು ಬರುವ ಈ ಕಲ್ಲನ್ನು ಶಹಾಬಾದಿನ ಗಣಿಗಳ ಹೆಸರಿನಿಂದಲೇ ನಾಡು ಗುರುತಿಸುತ್ತದೆ. ಉತ್ತರ ಕರ್ನಾಟಕದ ಮನೆಗಳ ಪಡಸಾಲೆಯಲ್ಲಿ, ಶಾಲೆಗಳಲ್ಲಿ, ರೈಲ್ವೆ ನಿಲ್ದಾಣಗಳಲ್ಲಿ ಕಾಲಿಗೆ ತಂಪಾಗಿ ತಗಲುವ ಬೂದುಬಣ್ಣದ ಫರಸಿ ಇದೇ.

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ ೧೫೦ಎ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದಲೇ ಆರಂಭವಾಗುತ್ತದೆ. ಅದನ್ನು ಹಿಡಿದು ಶಹಾಪುರದ ಕಡೆಗೆ ಹೊರಟರೆ, ಇದುವರೆಗೆ ಬಯಲಾಗಿದ್ದ ದಿಗಂತದಲ್ಲಿ ನೀಲಿ ಗೆರೆಯೊಂದು ಮೂಡುತ್ತದೆ. ನೋಡನೋಡುತ್ತಿದ್ದಂತೆ ಆ ಗೆರೆ ಬೆಟ್ಟಗಳಾಗಿ ನಿಲ್ಲುತ್ತದೆ. ಇದು ಮೂರನೆಯ ನೆಲ, ಸುಮಾರು ೨೫೦ ಕೋಟಿ ವರ್ಷಗಳ ಹಿಂದಿನ ಕಣಶಿಲೆಯ ನೆಲ. ಒಂದರ ಮೇಲೊಂದು ಕುಳಿತ ಗುಂಡುಗಳು, ಈಗಲೋ ಆಗಲೋ ಉರುಳುವಂತಿದ್ದು ಯುಗಯುಗಗಳಿಂದ ಉರುಳದೆ ನಿಂತಿರುವ ಬಂಡೆಗಳು, ತುದಿಯಲ್ಲಿ ಹಳೆಯ ಕೋಟೆಯ ಗೋಡೆ, ಬುಡದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಯ ನೀರಿನಿಂದ ಹಸಿರಾದ ಗದ್ದೆಗಳು. ಕಲಬುರಗಿಯಿಂದ ಸುಮಾರು ೮೦ ಕಿಲೋಮೀಟರು ದೂರದಲ್ಲಿ ಇಂಥದೊಂದು ದೃಶ್ಯವಿದೆಯೆಂದು ನಂಬುವುದೇ ಕಷ್ಟ.

ಮಲಗಿದ ಬುದ್ಧ

ಶಹಾಪುರದ ಸಮೀಪ ರಸ್ತೆಯಲ್ಲಿ ಬರುತ್ತಿರುವಾಗ ವಾಹನದಲ್ಲಿರುವ ಮಕ್ಕಳಲ್ಲಿ ಯಾರಾದರೊಬ್ಬರು ಕಿಟಕಿಯಿಂದ ಹೊರಗೆ ಕೈಮಾಡಿ ಕೂಗುವುದುಂಟು. ನಾಲ್ಕು ಗುಡ್ಡಗಳು ಒಂದರ ಪಕ್ಕದಲ್ಲೊಂದು ಹೊಂದಿಕೊಂಡು, ಅಂಗಾತ ಮಲಗಿದ ಒಬ್ಬ ಮನುಷ್ಯನ ಆಕೃತಿ ತಾಳುತ್ತವೆ. ಹಣೆ, ಮೂಗು, ಗದ್ದ, ಎದೆ, ನೀಳವಾಗಿ ಚಾಚಿದ ಕಾಲುಗಳು ಎಲ್ಲವೂ ಸ್ಪಷ್ಟ. ಮುಖದಲ್ಲಿ ಅಪಾರವಾದ ಶಾಂತಿ. ಸ್ಥಳೀಯರು ಇದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಇನ್ನಷ್ಟು ದೂರ ಸಾಗಿದರೆ ಆಕೃತಿ ಕರಗಿ, ಮತ್ತೆ ಬರಿಯ ಗುಡ್ಡಗಳೇ ಉಳಿಯುತ್ತವೆ.

ಇದು ಪ್ರಕೃತಿಯ ಆಟ. ಮನುಷ್ಯನ ಕೈ ಇದರಲ್ಲಿಲ್ಲ. ಮೋಡದಲ್ಲಿ ಆನೆಯನ್ನು ಕಾಣುವ ಕಣ್ಣಿಗೆ ಬೆಟ್ಟದಲ್ಲಿ ಬುದ್ಧ ಕಾಣುವುದು ಸಹಜವೆಂದು ಹೇಳಿ ಮುಂದೆ ಸಾಗುವವರೇ ಹೆಚ್ಚು. ಬುದ್ಧ ಹುಟ್ಟಿದ ಲುಂಬಿನಿ ಎಲ್ಲಿ, ಶಹಾಪುರದ ಈ ಕಲ್ಲುಗುಡ್ಡ ಎಲ್ಲಿ ಎಂದು ನಗುವವರೂ ಉಂಟು. ಆದರೆ ನಗುವ ಮೊದಲು ಭೀಮೆಯ ಆಚೆಯ ದಡದ ಕಡೆಗೊಮ್ಮೆ ತಿರುಗಿ ನೋಡಬೇಕು.

ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹರಿದ ನೀರು ಕೆಳಗಿಳಿದು ಹೋಗಿ ಮುಟ್ಟುವುದು ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು. ರೈಲಿನಲ್ಲಿ ಬರುವವರು ನಾಲವಾರ ನಿಲ್ದಾಣದಲ್ಲಿಳಿದು ಅಲ್ಲಿಗೆ ಹೋಗುತ್ತಾರೆ. ಸನ್ನತಿಯ ಚಂದ್ರಲಾಂಬೆ ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳ ಕುಲದೇವತೆ. ಮದುವೆ ಮುಂಜಿಗಳಾದ ಮೇಲೆ ದೂರದೂರುಗಳಿಂದ ಹರಕೆ ಹೊತ್ತು ಬರುವವರಿಗೆ ಕೊರತೆಯಿಲ್ಲ. ಬಂದವರು ದೇವಿಯ ದರ್ಶನ ಮಾಡಿ, ಭೀಮೆಯಲ್ಲಿ ಮಿಂದು, ಬುತ್ತಿ ಬಿಚ್ಚಿ ರೊಟ್ಟಿ ಹಿಂಡಿ ಉಂಡು ಹಿಂದಿರುಗುತ್ತಿದ್ದರು. ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರು ಅಲ್ಲಿಯ ಹಳೆಯ ಶಾಸನಗಳ ಕಡೆಗೆ ೧೯೫೦ರ ದಶಕದಲ್ಲಿಯೇ ಗಮನ ಸೆಳೆದಿದ್ದರೂ ಗುಡಿಯೊಳಗೆ ಏನಿದೆಯೆಂಬುದು ಯಾರಿಗೂ ಹೊಳೆದಿರಲಿಲ್ಲ.

ದೇವಿಯ ಪೀಠದ ಕಲ್ಲು

೧೯೮೬ರಲ್ಲಿ ಚಂದ್ರಲಾಂಬೆಯ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿ ಕುಸಿದುಬಿದ್ದಿತು. ಮೂರ್ತಿಗೂ ಹಾನಿಯಾಯಿತು. ಭಕ್ತರ ಪಾಲಿಗೆ ಅದೊಂದು ಅನಾಹುತವೇ ಸರಿ. ಆದರೆ ಅವಶೇಷಗಳನ್ನು ಸರಿಸಿ ನೋಡಿದಾಗ, ದೇವಿ ಇಷ್ಟು ಕಾಲ ನಿಂತಿದ್ದ ಪೀಠದ ಕಲ್ಲಿನ ಎರಡೂ ಬದಿಗಳಲ್ಲಿ ಅಕ್ಷರಗಳು ಕಂಡವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆಳಿದ ಮೌರ್ಯ ಸಾಮ್ರಾಟ ಅಶೋಕನ ಆಜ್ಞೆಗಳು ಅವು. ಮೂರ್ತಿಯನ್ನು ನಿಲ್ಲಿಸುವ ಸಲುವಾಗಿ ಯಾವುದೋ ಕಾಲದಲ್ಲಿ ಯಾರೋ ಶಿಲ್ಪಿ ಆ ಕಲ್ಲಿನ ನಡುವೆ ಚೌಕಾಕಾರದ ಕುಳಿ ಕೊರೆದಿದ್ದ. ಅಷ್ಟು ಭಾಗದ ಅಕ್ಷರಗಳು ಶಾಶ್ವತವಾಗಿ ನಷ್ಟವಾಗಿದ್ದವು.

ವಿದ್ವಾಂಸರನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದಿತ್ತು. ಕಲ್ಲಿನ ಒಂದು ಬದಿಯಲ್ಲಿದ್ದುವು ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳು. ಇನ್ನೊಂದು ಬದಿಯಲ್ಲಿದ್ದುವು ಪ್ರತ್ಯೇಕ ಶಾಸನಗಳೆಂದು ಹೆಸರಾದ ಎರಡು ಬರಹಗಳು. ಈ ಎರಡು ಅದುವರೆಗೆ ದೊರೆತಿದ್ದುದು ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ. ಕಳಿಂಗದ ನೆಲಕ್ಕೆಂದೇ ಬರೆಸಿದ್ದೆಂದು ಭಾವಿಸಲಾಗಿದ್ದ ಮಾತು ಭೀಮೆಯ ದಡದಲ್ಲಿಯೂ ಇತ್ತು!

ಆ ಮಾತಾದರೂ ಎಂಥದು? ಪ್ರಜೆಗಳೆಲ್ಲರೂ ತನ್ನ ಮಕ್ಕಳಿದ್ದಂತೆ ಎಂದು ಅರಸ ಅಲ್ಲಿ ತನ್ನ ಅಧಿಕಾರಿಗಳಿಗೆ ತಿಳಿಸುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ನ್ಯಾಯ ಹೇಳುವವನಲ್ಲಿ ಅಸೂಯೆ, ಸಿಟ್ಟು, ಆತುರ, ಆಲಸ್ಯ ಸಲ್ಲದು ಎಂದು ಎಚ್ಚರಿಸುತ್ತಾನೆ. ಹನ್ನೆರಡನೆಯ ಶಾಸನದ ತಿರುಳು ಇನ್ನೂ ದೊಡ್ಡದು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯಬಾರದು. ಎಲ್ಲ ಮತಗಳನ್ನೂ ಗೌರವಿಸಬೇಕು. ಹಾಗೆ ಮಾಡುವವನೇ ತನ್ನ ಮತಕ್ಕೆ ನಿಜವಾಗಿ ಶ್ರೇಯಸ್ಸು ತರುತ್ತಾನೆ ಎಂಬುದು ಅದರ ಸಾರ.

ಪರಮತವನ್ನು ಗೌರವಿಸಿರೆಂದು ಬೌದ್ಧ ಅರಸನೊಬ್ಬ ಬರೆಸಿದ ಕಲ್ಲು ಕಾಳಿಯ ಪಾದದ ಕೆಳಗೆ ನೂರಾರು ವರ್ಷ ಕುಂಕುಮ ಅರಿಸಿನಗಳನ್ನು ಹೊತ್ತು ನಿಂತಿತ್ತು. ಅಕ್ಷರಗಳ ನಡುವೆ ಕುಳಿ ತೋಡಿದ ಕೈಯನ್ನು ಇಂದಿನ ವಿದ್ವಾಂಸರು ನೊಂದುಕೊಂಡು ನೆನೆಯುವುದು ನ್ಯಾಯವೇ. ಆದರೂ ಒಂದು ಮಾತನ್ನು ಮರೆಯಲಾಗದು. ಗುಡಿಯ ಪೀಠವಾಗಿರದೆ ಬಯಲಲ್ಲಿ ಬಿದ್ದಿದ್ದರೆ ಆ ಕಲ್ಲು ಯಾವ ಬಾವಿಯ ಕಟ್ಟೆಗೆ, ಯಾವ ಬಚ್ಚಲಿನ ಹಾಸಿಗೆ ಒಡೆದು ಹೋಗುತ್ತಿತ್ತೋ ಯಾರು ಬಲ್ಲರು? ಓದು ಬಾರದ ಭಕ್ತಿ ಅದನ್ನು ಕೆಡಿಸಿತು. ಅದೇ ಭಕ್ತಿ ಅದನ್ನು ಉಳಿಸಿಯೂ ಕೊಟ್ಟಿತು.

ಅರಸನ ಮುಖ

ಸನ್ನತಿಗೆ ಮೂರು ಕಿಲೋಮೀಟರಿನಷ್ಟು ದೂರದಲ್ಲಿ ಕನಗನಹಳ್ಳಿ ಎಂಬ ಪುಟ್ಟ ಊರು. ಅಲ್ಲಿಯ ಹೊಲದಲ್ಲಿ ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಕೈಗೊಂಡಿತು. ನೆಲದಡಿಯಿಂದ ಎದ್ದು ಬಂದುದು ಒಂದು ಮಹಾಸ್ತೂಪ. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸಾತವಾಹನರ ಕಾಲದಲ್ಲಿ ಕೆತ್ತಿದ ಶಿಲಾಫಲಕಗಳು ಅದರ ಸುತ್ತ ಕಳಚಿ ಬಿದ್ದಿದ್ದವು. ಬುದ್ಧನ ಜೀವನದ ಪ್ರಸಂಗಗಳು, ಜಾತಕ ಕಥೆಗಳು, ಆನೆ, ಕುದುರೆ, ರಥ, ಪರಿವಾರ ಎಲ್ಲವೂ ಅವುಗಳಲ್ಲಿದ್ದುವು. ಸಾತವಾಹನ ಅರಸರ ಹೆಸರುಗಳನ್ನು ಬರೆದ ಶಿಲ್ಪಗಳೂ ಇದ್ದುವು. ಇವಕ್ಕೆಲ್ಲ ಬಳಸಿದುದು ಈ ಸೀಮೆಯ ಸುಣ್ಣದ ಕಲ್ಲನ್ನೇ.

ಅವುಗಳಲ್ಲಿ ಒಂದು ಫಲಕದಲ್ಲಿ ಅರಸನೊಬ್ಬ ರಾಣಿಯೊಡನೆ ನಿಂತಿದ್ದಾನೆ. ಚಾಮರ ಬೀಸುವ, ಛತ್ರ ಹಿಡಿದ ಪರಿಚಾರಿಕೆಯರು ಪಕ್ಕದಲ್ಲಿದ್ದಾರೆ. ತಲೆಯ ಮೇಲೆ ಪೇಟ, ಕಿವಿಯಲ್ಲಿ ದೊಡ್ಡ ಕುಂಡಲ. ಇಂಥ ಅರಸರ ಶಿಲ್ಪಗಳು ಭಾರತದಲ್ಲಿ ಎಷ್ಟೋ ಇವೆ; ಯಾರ ಚಿತ್ರವೆಂಬ ಚರ್ಚೆಗೆ ಕೊನೆಯಿಲ್ಲ. ಆದರೆ ಕನಗನಹಳ್ಳಿಯ ಶಿಲ್ಪಿ ಚರ್ಚೆಗೆ ಎಡೆಗೊಡಲಿಲ್ಲ. ಫಲಕದ ಮೇಲೆ ಬ್ರಾಹ್ಮಿಯಲ್ಲಿ ಚೊಕ್ಕವಾಗಿ ಕೊರೆದಿಟ್ಟ: ‘ರಾಯ ಅಸೋಕೋ’.

ಅಶೋಕನೆಂದು ಹೆಸರು ಬರೆದಿರುವ ಅವನ ಶಿಲ್ಪ ಲೋಕಕ್ಕೆ ಮೊತ್ತಮೊದಲು ದೊರೆತುದು ಇಲ್ಲಿಯೇ. ಅವನು ಕಾಲವಾಗಿ ಕೆಲವು ನೂರು ವರ್ಷಗಳಾದ ಮೇಲೆ ಕೆತ್ತಿದುದಾದ್ದರಿಂದ ಇದು ಅವನ ನಿಜವಾದ ಮುಖವಲ್ಲ, ಭೀಮಾತೀರದ ಶಿಲ್ಪಿಗಳ ಮನಸ್ಸಿನಲ್ಲಿದ್ದ ಮುಖ. ಪಾಟಲಿಪುತ್ರದಿಂದ ಸಾವಿರ ಕಿಲೋಮೀಟರಿಗೂ ದೂರದ ಈ ಹಳ್ಳಿಯ ಜನ ಅಷ್ಟು ಕಾಲದ ಮೇಲೂ ಅವನನ್ನು ನೆನೆದಿದ್ದರೆಂಬುದು ಅಲ್ಪವಾದ ಮಾತಲ್ಲ.

ಹೀಗಿರಲು ಶಹಾಪುರದ ಗುಡ್ಡದಲ್ಲಿ ಜನ ಬುದ್ಧನನ್ನು ಕಂಡರೆ ನಗಬೇಕಾದುದೇನಿದೆ? ಸ್ತೂಪಕ್ಕೆ ಬರುತ್ತಿದ್ದ ಭಿಕ್ಷುಗಳು ಆ ಗುಡ್ಡವನ್ನು ಹಾಗೆ ನೋಡಿದ್ದರೆಂದು ಹೇಳಲು ಆಧಾರವಿಲ್ಲ. ಆದರೆ ಬುದ್ಧನ ಹೆಸರು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ.

ಅರಸನ ಹೆಸರು

ಮುಖ ಸಿಕ್ಕಿತು, ಇನ್ನು ಹೆಸರಿನ ಕಥೆ. ಅದಕ್ಕಾಗಿ ಮತ್ತೆ ಶಹಾಪುರದ ಹೆದ್ದಾರಿಗೆ ಬಂದು ದಕ್ಷಿಣಕ್ಕೆ ಸಾಗಬೇಕು. ಬೆಟ್ಟಗಳ ನಡುವೆ ಬಟ್ಟಲಿನಲ್ಲಿಟ್ಟಂತಿರುವ ಸುರಪುರ ಎದುರಾಗುತ್ತದೆ. ೧೮೫೮ರಲ್ಲಿ ಆಂಗ್ಲರನ್ನು ಎದುರಿಸಿ ಕಿರಿಯ ವಯಸ್ಸಿನಲ್ಲಿ ಜೀವ ತೆತ್ತ ರಾಜಾ ವೆಂಕಟಪ್ಪನಾಯಕನ ಊರಿದು. ಆ ಬಾಲಕನ ಕಾಲದಲ್ಲಿ ಅಧಿಕಾರಿಯಾಗಿ ಇಲ್ಲಿಗೆ ಬಂದ ಮೆಡೋಸ್ ಟೇಲರ್ ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಕುದುರೆಯ ಮೇಲೆ ಈ ಸೀಮೆಯನ್ನು ಸುತ್ತುತ್ತಿದ್ದ ಟೇಲರ್ ರಾಜನಕೋಳೂರಿನ ಬಳಿಯ ಕಲ್ಮನೆಗಳನ್ನು, ಅಂದರೆ ಇತಿಹಾಸಪೂರ್ವ ಕಾಲದ ಸಮಾಧಿಗಳನ್ನು, ಅಳೆದು ಚಿತ್ರಿಸಿ ಪ್ರಕಟಿಸಿದ. ದಾರಿಯ ಪಕ್ಕದ ಕಲ್ಲನ್ನು ನಿಂತು ನೋಡುವ ಕಣ್ಣು ಅವನಿಗಿತ್ತು.

ಮುಂದೆ ತಿಂಥಣಿಯ ಸೇತುವೆ, ಕೆಳಗೆ ಬಂಡೆಗಳ ನಡುವೆ ನುಸುಳಿ ಹರಿಯುವ ಕೃಷ್ಣೆ. ದಡದಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿ. ಅದನ್ನು ದಾಟಿದರೆ ರಾಯಚೂರು ಸೀಮೆ. ಹಟ್ಟಿಯ ಚಿನ್ನದ ಗಣಿಗಳನ್ನು ಒಡಲಲ್ಲಿಟ್ಟುಕೊಂಡ ಲಿಂಗಸುಗೂರಿನ ಪ್ರದೇಶವನ್ನು ಹಾದು ಇದೇ ಹೆದ್ದಾರಿ ಮಸ್ಕಿಯನ್ನು ಮುಟ್ಟುತ್ತದೆ.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರನ್ನು ಕಾಡಿದ ಪ್ರಶ್ನೆಯೊಂದಿತ್ತು. ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬಿಡಿಸಿದಾಗ, ದೇಶದ ಉದ್ದಗಲಕ್ಕೂ ಕಂಬಗಳ ಮೇಲೆ, ಬಂಡೆಗಳ ಮೇಲೆ ಮಾತನಾಡುತ್ತಿದ್ದವನು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಅರಸನೆಂದು ತಿಳಿಯಿತು. ಆದರೆ ಯಾರು ಈ ದೇವಾನಾಂಪ್ರಿಯ? ಸಿಂಹಳದ ಗ್ರಂಥಗಳ ನೆರವಿನಿಂದ ಇವನು ಅಶೋಕನಿರಬೇಕೆಂದು ಜಾರ್ಜ್ ಟರ್ನೌರ್ ಸೂಚಿಸಿದ. ಊಹೆ ಸಮಂಜಸವಾಗಿತ್ತು, ಬಹುಮಂದಿ ಒಪ್ಪಿದರು. ಆದರೂ ಅಶೋಕನೆಂಬ ಹೆಸರು ಆ ಅರಸ ಬರೆಸಿದ ಒಂದು ಶಾಸನದಲ್ಲಿಯೂ ಕಂಡಿರಲಿಲ್ಲ. ತನ್ನ ಮಾತನ್ನು ಇಡೀ ದೇಶದ ಕಲ್ಲುಗಳ ಮೇಲೆ ಬರೆಸಿದವನು ತನ್ನ ಹೆಸರನ್ನೇ ಬಿಟ್ಟುಹೋದಂತಿತ್ತು.

೧೯೧೫ರಲ್ಲಿ ನಿಜಾಮ ಸರ್ಕಾರದ ಗಣಿ ಇಂಜಿನಿಯರ್ ಸಿ. ಬೀಡನ್ ಈ ಭಾಗದಲ್ಲಿ ತಿರುಗಾಡುತ್ತಿದ್ದ. ಅವನು ಹುಡುಕುತ್ತಿದ್ದುದು ಚಿನ್ನವನ್ನು. ಮಸ್ಕಿಯ ಬೆಟ್ಟದ ಗವಿಯಂಥ ಜಾಗದಲ್ಲಿ ಬಂಡೆಯೊಂದರ ಮೇಲೆ ಅವನಿಗೆ ಕಂಡುದು ಸವೆದ ಅಕ್ಷರಗಳ ಸಾಲುಗಳು. ಅದನ್ನು ಅಲಕ್ಷಿಸದೆ ತಿಳಿದವರಿಗೆ ತಿಳಿಸಿದ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಮೊದಲ ಸಾಲಿನಲ್ಲಿಯೇ ಉತ್ತರವಿತ್ತು. ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರು ಕೂಡಿಯೇ ಇತ್ತು. ಎಂಟು ದಶಕಗಳ ಊಹೆ ಒಂದು ದಿನದ ಓದಿನಿಂದ ನಿಶ್ಚಯವಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಉಡೇಗೋಳಗಳಲ್ಲಿ ಅದೇ ಹೆಸರು ಮತ್ತೆ ದೊರೆಯಿತಾದರೂ ಮೊದಲು ಹೇಳಿದ ಕೀರ್ತಿ ಮಸ್ಕಿಯ ಬಂಡೆಯದು.

ಆ ಬಂಡೆಯ ಸಂದೇಶವೂ ಹೆಸರಿನಷ್ಟೇ ದೊಡ್ಡದು. ಧರ್ಮದಲ್ಲಿ ನಡೆಯುವವನು ಸಣ್ಣವನಾದರೂ ಉನ್ನತಿಯನ್ನು ಪಡೆಯಬಲ್ಲ. ಅದು ದೊಡ್ಡವರ ಸೊತ್ತೆಂದು ತಿಳಿಯಬೇಡಿರಿ ಎಂದು ಅರಸ ಅಲ್ಲಿ ಸಾರಿದ್ದಾನೆ.

ನಿಂತು ನೋಡುವ ಕಣ್ಣು

ಸಂಜೆಯ ಬಿಸಿಲಿನಲ್ಲಿ ಮಸ್ಕಿಯ ಬೆಟ್ಟ ಕೆಂಪಾಗುವ ಹೊತ್ತಿಗೆ ಪ್ರಯಾಣ ಮುಗಿಯುತ್ತದೆ. ಮನಸ್ಸಿನಲ್ಲಿ ಮೂಡುವ ವಿಚಾರವೆಂದರೆ, ಇವುಗಳಲ್ಲಿ ಯಾವುದೂ ದುರ್ಗಮವಾದ ಕಾಡಿನಲ್ಲಿ ಅಡಗಿರಲಿಲ್ಲವೆಂಬುದು. ಮಸ್ಕಿಯ ಬಂಡೆಯ ಬಳಿ ದನಗಾಹಿಗಳು ನೆರಳಿಗೆ ಕುಳಿತಿರಬೇಕು. ಸನ್ನತಿಯ ಕಲ್ಲಿಗೆ ದಿನವೂ ಪೂಜೆ ನಡೆದಿತ್ತು. ಕನಗನಹಳ್ಳಿಯ ಸ್ತೂಪದ ಮೇಲೆ ರೈತರು ನೇಗಿಲು ಹೊಡೆದಿದ್ದರು. ಮೂರೂ ಜನರ ಕಣ್ಣೆದುರಿನಲ್ಲಿಯೇ ಇದ್ದುವು. ಒಂದು ಬೆಳಕಿಗೆ ಬಂದುದು ಛಾವಣಿ ಬಿದ್ದದ್ದರಿಂದ, ಇನ್ನೊಂದು ಚಿನ್ನ ಅರಸುತ್ತ ಬಂದವನ ಕಣ್ಣಿನಿಂದ.

ಕಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ನೆಲದೊಳಗಿಂದ ಎತ್ತಿದ ಕನಗನಹಳ್ಳಿಯ ಫಲಕಗಳು ಎಷ್ಟೋ ವರ್ಷ ಬಯಲಿನಲ್ಲಿ ಬಿಸಿಲು ಮಳೆಗಳಿಗೆ ಒಡ್ಡಿಕೊಂಡು ಕಾದಿದ್ದವು. ಸ್ತೂಪವನ್ನು ಮತ್ತೆ ಜೋಡಿಸುವ ಕಾರ್ಯವನ್ನು ಪುರಾತತ್ತ್ವ ಇಲಾಖೆ ಕೈಗೆತ್ತಿಕೊಂಡುದು ೨೦೨೨ರಲ್ಲಿ. ಮಣ್ಣಿನಡಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಬಾಳಿದ ಕಲ್ಲು ಮನುಷ್ಯನ ಕೈಸೇರಿದ ಮೇಲೆ ಇಪ್ಪತ್ತು ವರ್ಷ ಬಾಳುವುದೇ ಕಷ್ಟವಾಗಬಾರದಷ್ಟೆ. ನೋಡಲು ಬರುವವರು ಹೆಚ್ಚಿದಷ್ಟೂ ಕಾಯುವವರ ಹೊಣೆಯೂ ಹೆಚ್ಚುತ್ತದೆ. ಅದಕ್ಕಾಗಿಯಾದರೂ ಮನೆಮಂದಿ ಈ ದಾರಿಯಲ್ಲೊಮ್ಮೆ ಹೊರಡುವುದು ಮೇಲು.

ಮರುದಿನ ಹಿಂದಿರುಗಿ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ಪಾದಕ್ಕೆ ತಗಲುವುದು ಅದೇ ಬೂದುಬಣ್ಣದ ಫರಸಿ. ದಿನವೂ ಗುಡಿಸಿ ಸಾರಿಸುವ, ಯಾರೂ ಎರಡನೆಯ ಸಲ ನೋಡದ ಕಲ್ಲು. ಭೀಮಾತೀರದ ಶಿಲ್ಪಿಯೊಬ್ಬ ಒಂದು ಕಾಲದಲ್ಲಿ ಅದೇ ಬಗೆಯ ಕಲ್ಲಿನಲ್ಲಿ ಅರಸನ ಮುಖವನ್ನು ಕಂಡು, ಮುಂದಿನವರು ಮರೆತಾರೆಂದು ಅದರ ಮೇಲೆ ಹೆಸರನ್ನೂ ಬರೆದಿಟ್ಟಿದ್ದ.